ಕಾರಿನ ಮುಂದಿನ ಗ್ಲಾಸ್ ಬಿರುಕು ಬಿಟ್ಟಿದೆ: 4,300ಕ್ಕೆ ಹಾಕಿಸಲಾ, 11,800 ಕೊಡಲಾ, ಇಲ್ಲಾ ಕ್ಲೇಮ್ ಮಾಡಲಾ?

ತುಮಕೂರು ರಸ್ತೆ (ಸೋಮವಾರ, ಬೆಳಿಗ್ಗೆ)

ಎಲ್ಲರಿಗೂ ನಮಸ್ಕಾರ. ನನ್ನದು 2019ರ ಕೊನೆಯಲ್ಲಿ ಕೊಂಡ ಹ್ಯಾಚ್‌ಬ್ಯಾಕ್, 1200 ಸಿಸಿ ಪೆಟ್ರೋಲ್. ಮೂರು ವಾರದ ಹಿಂದೆ ಶಿರಾ ದಾಟಿ ಹಿರಿಯೂರು ಕಡೆ ಹೋಗುತ್ತಿದ್ದೆ. ಮುಂದಿದ್ದ ಟಿಪ್ಪರ್‌ನಿಂದ ಒಂದು ಜಲ್ಲಿ ಕಲ್ಲು ಹಾರಿ ಬಂದು ಗ್ಲಾಸಿಗೆ ಬಡಿಯಿತು. ಇಳಿದು ನೋಡಿದರೆ ಹೆಸರುಕಾಳಿನಷ್ಟು ಗುಳಿ. ಇಷ್ಟೇ ತಾನೇ ಅಂತ ಬಿಟ್ಟೆ.

ನಿನ್ನೆ ಮಧ್ಯಾಹ್ನ ಬಿಸಿಲಲ್ಲಿ ನಿಂತಿದ್ದ ಕಾರಿಗೆ ಪೈಪ್ ಹಿಡಿದು ತಣ್ಣೀರು ಬಿಟ್ಟೆ. ಕಣ್ಣೆದುರೇ ಆ ಗುಳಿಯಿಂದ ಬಿರುಕು ಹೊರಟು ಡ್ರೈವರ್ ಕಡೆಯ ಅಂಚಿನ ತನಕ ಓಡಿತು. ಈಗ ಒಂದೂವರೆ ಗೇಣು ಉದ್ದ ಇದೆ.

ಮೂರು ಕಡೆ ರೇಟ್ ಕೇಳಿದೆ:

ಕಂಪನಿ ಸರ್ವಿಸ್ ಸೆಂಟರ್: 11,800. ಕಾರಿನ ಲೋಗೋ ಇರುವ ಗ್ಲಾಸ್, ಬೀಡಿಂಗ್ (ಅಂಚಿನ ರಬ್ಬರ್), ಪೇಸ್ಟಿಂಗ್, ಕೂಲಿ ಎಲ್ಲ ಸೇರಿ.
ಗ್ಲಾಸ್ ಕೆಲಸ ಮಾತ್ರ ಮಾಡುವ ಅಂಗಡಿ: 7,200. ಬ್ರ್ಯಾಂಡೆಡ್ ಗ್ಲಾಸ್, ಕಾರಿನ ಲೋಗೋ ಇರುವುದಿಲ್ಲ.
ಜೆ.ಸಿ. ರಸ್ತೆಯಲ್ಲಿ ಒಂದು ಕಡೆ: 4,300. ಯಾರು ಮಾಡಿದ ಗ್ಲಾಸ್ ಅಂತ ಕೇಳಿದರೆ "ಎಲ್ಲ ಒಂದೇ ಸಾರ್" ಅಂದರು.

ಇನ್ಶೂರೆನ್ಸ್ ಫುಲ್ ಇದೆ, ಆದರೆ ಸವಕಳಿ ಕಡಿಯದೆ ಕೊಡುವ ಬಂಪರ್ ಟು ಬಂಪರ್ ಅಲ್ಲ. ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದಿದ್ದಕ್ಕೆ ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿ, 45% ನಡೀತಿದೆ. ಏನು ಮಾಡಲಿ? ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳಿದ್ದಾರೆ. ದುಡ್ಡು ಉಳಿಸೋಕೆ ಹೋಗಿ ಅವರ ಜೀವಕ್ಕೆ ತೊಂದರೆ ತರುವುದು ಬೇಡ.

ಕಲಬುರಗಿ ಬಿಸಿಲು

ನಮ್ಮ ಕಡೆ ಇದು ಮಾಮೂಲು ರೀ. ಏಪ್ರಿಲ್, ಮೇನಲ್ಲಿ ಹೊರಗೆ ನಿಂತ ಕಾರಿನ ಗ್ಲಾಸ್ ಮುಟ್ಟೋಕಾಗಲ್ಲ. ಹತ್ತಿದ ತಕ್ಷಣ ಎಸಿಯನ್ನು ಫುಲ್ ಇಟ್ಟು ಗ್ಲಾಸಿನ ಕಡೆ ತಿರುಗಿಸಿದರೆ ಒಳಗೆ ತಂಪು, ಹೊರಗೆ ಬೆಂಕಿ. ಗುಳಿ ಇದ್ದರೆ ಅಲ್ಲಿಂದಲೇ ಸೀಳುತ್ತದೆ. ನಾನು ಮೊದಲು ಕಿಟಕಿ ಇಳಿಸಿ ಐದು ನಿಮಿಷ ಓಡಿಸಿ ಆಮೇಲೆ ಎಸಿ ಹಾಕ್ತೀನಿ.

ಗ್ಲಾಸ್ ಕೆಲಸದವ

ತುಮಕೂರು ರಸ್ತೆ ಅವರೇ, ನಾನು 17 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನನ್ನ ಅಂಗಡಿ ಎಲ್ಲಿ ಅಂತ ಹೇಳುವುದಿಲ್ಲ, ಗಿರಾಕಿ ಹುಡುಕಿಕೊಂಡು ಬಂದಿಲ್ಲ.

ಮೊದಲನೇ ಮಾತು: ನಿಮ್ಮ ಗ್ಲಾಸ್ ಈಗ ರಿಪೇರಿಗೆ ಬರುವುದಿಲ್ಲ. ಅಂಚು ಮುಟ್ಟಿದ ಬಿರುಕು ನಿಲ್ಲುವುದಿಲ್ಲ, ಅದರಲ್ಲೂ ಡ್ರೈವರ್ ಕಣ್ಣೆದುರು ಇದೆ. ಗುಳಿ ಇದ್ದಾಗಲೇ ಬಂದಿದ್ದರೆ ಅದರೊಳಗಿನ ಗಾಳಿ ಎಳೆದು, ರೆಸಿನ್ ಅನ್ನುವ ಪಾರದರ್ಶಕ ಅಂಟು ತುಂಬಿಸಿ, ಯುವಿ ದೀಪ ಹಿಡಿದು ಅರ್ಧ ಗಂಟೆಯಲ್ಲಿ ಮುಗಿಸಬಹುದಿತ್ತು. ನಮ್ಮಲ್ಲಿ ಒಂದು ಗುಳಿಗೆ 800 ರೂಪಾಯಿ. ಓದುವವರೆಲ್ಲ ಇದನ್ನು ನೆನಪಿಡಿ. ಕಲ್ಲು ಬಡಿದ ದಿನವೇ ಗುಳಿಯ ಮೇಲೆ ಪಾರದರ್ಶಕ ಟೇಪ್ ಅಂಟಿಸಿ. ನೀರು, ಧೂಳು ಒಳಗೆ ಹೋದರೆ ರೆಸಿನ್ ಸರಿಯಾಗಿ ಕೂರುವುದಿಲ್ಲ, ಕಲೆ ಉಳಿಯುತ್ತದೆ.

ಎರಡನೇದು, ಮುಂದಿನ ಗ್ಲಾಸ್ ಅಂದರೆ ಒಂದು ಗ್ಲಾಸ್ ಅಲ್ಲ. ಎರಡು ಗ್ಲಾಸ್, ನಡುವೆ ಪಿವಿಬಿ ಅನ್ನುವ ಪ್ಲಾಸ್ಟಿಕ್ ಹಾಳೆ. ಅದಕ್ಕೇ ಒಡೆದರೂ ಚೂರು ಮೈಮೇಲೆ ಬೀಳದೆ ಹಾಳೆಗೆ ಅಂಟಿಕೊಂಡೇ ಇರುತ್ತದೆ. ಇದಕ್ಕೆ ಲ್ಯಾಮಿನೇಟೆಡ್ ಅಂತಾರೆ. ಪಕ್ಕದ ಬಾಗಿಲ ಗ್ಲಾಸ್ ಸಾಮಾನ್ಯವಾಗಿ ಟಫನ್ಡ್. ಅದು ಒಡೆದರೆ ಕಲ್ಲುಸಕ್ಕರೆ ಹರಳಿನ ಹಾಗೆ ಪುಡಿಯಾಗುತ್ತದೆ.

ಬೆಲೆಯ ವ್ಯತ್ಯಾಸ ಎಲ್ಲಿಂದ ಬರುತ್ತದೆ ಅಂತ ಹೇಳುತ್ತೇನೆ. ಕಾರು ಕಂಪನಿಗಳು ಗ್ಲಾಸ್ ತಾವೇ ಮಾಡುವುದಿಲ್ಲ. ಅಸಾಹಿ ಇಂಡಿಯಾ, ಸೇಂಟ್ ಗೋಬೆನ್ ಸೆಕ್ಯೂರಿಟ್ ತರಹದ ತಯಾರಕರಿಂದ ಕೊಳ್ಳುತ್ತವೆ. ನಿಮ್ಮ ಹಳೇ ಗ್ಲಾಸಿನ ಕೆಳಗಿನ ಮೂಲೆಯಲ್ಲಿ ಮುದ್ರೆ ನೋಡಿ, ತಯಾರಕರ ಗುರುತು ಅಲ್ಲೇ ಇರುತ್ತದೆ. ಅದೇ ತಯಾರಕರು ಕಾರಿನ ಲೋಗೋ ಇಲ್ಲದೆ ಹೊರಗಿನ ಮಾರುಕಟ್ಟೆಗೂ ಗ್ಲಾಸ್ ಕೊಡುತ್ತಾರೆ. ನಿಮ್ಮದು ಕ್ಯಾಮೆರಾ, ಸೆನ್ಸರ್ ಏನೂ ಇಲ್ಲದ ಕಾರು. ಹಾಗಾಗಿ ಆ 7,200ರ ಗ್ಲಾಸಿನ ಮೇಲೆ ಒಳ್ಳೆ ತಯಾರಕರ ಹೆಸರು, ಐಎಸ್ಐ ಗುರುತು, ಲ್ಯಾಮಿನೇಟೆಡ್ ಅನ್ನುವ ಬರಹ ಮೂರೂ ಇದ್ದರೆ ಧೈರ್ಯವಾಗಿ ತಗೊಳ್ಳಿ.

4,300ರದ್ದು? ಯಾರು ಮಾಡಿದ್ದು ಅಂತ ಹೇಳದ ಗ್ಲಾಸನ್ನು ನಾನು ನನ್ನ ಗಾಡಿಗೆ ಹಾಕುವುದಿಲ್ಲ. ನಿಮಗೂ ಹಾಕಿ ಅನ್ನುವುದಿಲ್ಲ.

ವಿಮೆ ಲೆಕ್ಕ

ಕ್ಲೇಮ್ ವಿಷಯ ನಾನು ಹೇಳ್ತೀನಿ. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ, ಯಾರೂ ಮೋಸ ಮಾಡದಿದ್ದರೂ.

ಗ್ಲಾಸಿಗೆ ಸವಕಳಿ ಕಡಿತ, ಅಂದರೆ ಹಳೇದಾಗಿದ್ದಕ್ಕೆ ಬೆಲೆ ಕಡಿಯುವುದು, ಇಲ್ಲ, ಪೂರ್ತಿ ಬೆಲೆ ಸಿಗುತ್ತದೆ. ರಬ್ಬರ್, ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ಕಡಿತ. ಅದರ ಮೇಲೆ ಕಡ್ಡಾಯ ಕಡಿತ, ಅಂದರೆ ಪ್ರತಿ ಕ್ಲೇಮಿನಲ್ಲೂ ನಾವೇ ಭರಿಸಬೇಕಾದ ಮೊತ್ತ: 1500 ಸಿಸಿ ತನಕದ ಕಾರಿಗೆ 1,000, ಅದಕ್ಕಿಂತ ಮೇಲ್ಪಟ್ಟರೆ 2,000. ಹಾಗಾಗಿ 7,200ರ ಬಿಲ್ಲಿನಲ್ಲಿ ನಿಮಗೆ ಹೆಚ್ಚೆಂದರೆ 6,000 ಸಿಗಬಹುದು.

ಈಗ ಹೋಗುವುದೆಷ್ಟು ನೋಡಿ. ನಿಮ್ಮ ಪಾಲಿಸಿಯಲ್ಲಿ ಸ್ವಂತ ಹಾನಿ ಪ್ರೀಮಿಯಂ, ಅಂದರೆ ಓಡಿ, ಬೋನಸ್ ಕಳೆಯುವ ಮುಂಚೆ ಎಷ್ಟಿದೆ ಅಂತ ನೋಡಿ. ಬೋನಸ್ ಲೆಕ್ಕ ಆಗುವುದು ಅದರ ಮೇಲೆ ಮಾತ್ರ, ಥರ್ಡ್ ಪಾರ್ಟಿ ಮೇಲೆ ಅಲ್ಲ. ಉದಾಹರಣೆಗೆ 6,400 ಅಂದುಕೊಳ್ಳಿ.

ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷ 50%ಗೆ ಹೋಗುತ್ತೀರಿ, ಅಲ್ಲೇ ಇರುತ್ತೀರಿ. ಕ್ಲೇಮ್ ಮಾಡಿದರೆ ಸೊನ್ನೆಗೆ ಬೀಳುತ್ತದೆ. ಆಮೇಲೆ 20, 25, 35, 45, 50 ಅಂತ ಮತ್ತೆ ಹತ್ತಬೇಕು. ಅಂದರೆ ಮೊದಲ ವರ್ಷ 50%, ಎರಡನೇ ವರ್ಷ 30%, ಮೂರನೇ ವರ್ಷ 25%, ನಾಲ್ಕನೇ ವರ್ಷ 15%, ಐದನೇ ವರ್ಷ 5% ಕಳೆದುಕೊಳ್ಳುತ್ತೀರಿ. ಕೂಡಿಸಿ. 125%. ಒಂದು ವರ್ಷದ ಓಡಿ ಪ್ರೀಮಿಯಮ್ಮಿನ ಒಂದೂಕಾಲು ಪಟ್ಟು!

6,400ಕ್ಕೆ 8,000 ರೂಪಾಯಿ. 6,000 ತಗೊಂಡು 8,000 ಕೊಟ್ಟ ಹಾಗೆ.

ಕಡಲೂರ ಮಳೆ

ವಿಮೆ ಲೆಕ್ಕ ಅವರೇ, ಲೆಕ್ಕ ಚೆನ್ನಾಗಿದೆ, ಆದರೆ ಒಂದು ತಿದ್ದುಪಡಿ. ಕಾರಿನ ಐಡಿವಿ, ಅಂದರೆ ವಿಮೆಗೆ ಹಿಡಿಯುವ ಬೆಲೆ, ವರ್ಷ ವರ್ಷ ಇಳಿಯುತ್ತದೆ, ಪ್ರೀಮಿಯಂ ಕೂಡ ಇಳಿಯುತ್ತದೆ. ವರ್ಷಕ್ಕೆ 10% ಇಳಿಯುತ್ತದೆ ಅಂತ ಹಿಡಿದರೆ 8,000 ಆಗುವುದಿಲ್ಲ, 7,100ರ ಹತ್ತಿರ ಬರುತ್ತದೆ. ಮತ್ತೆ, ಐದು ವರ್ಷ ಬೇರೆ ಯಾವ ಕ್ಲೇಮೂ ಆಗಲ್ಲ ಅಂತ ಯಾರು ಹೇಳಿದರು? ಆರು ತಿಂಗಳಿಗೆ ಬಂಪರ್ ಒಡೆದರೆ ಹೇಗೂ ಬೋನಸ್ ಹೋಗುತ್ತದಲ್ಲ.

ವಿಮೆ ಲೆಕ್ಕ

ಒಪ್ಪಿದೆ, 7,100 ಸರಿ. ಆದರೂ 6,000ಕ್ಕಿಂತ ಜಾಸ್ತಿಯೇ ಆಯಿತು. ಇನ್ನು ಮುಂದೆ ಏನಾಗುತ್ತದೋ ಅನ್ನುವುದು: ಅದಕ್ಕಾಗಿಯೇ ಬೋನಸ್ಸನ್ನು ದೊಡ್ಡ ಪೆಟ್ಟಿಗೆ ಉಳಿಸಿಕೊಳ್ಳಿ ಅಂತ ನಾನು ಹೇಳುವುದು. ಆದರೆ ಇದೇ ವರ್ಷ ಈಗಾಗಲೇ ಒಂದು ಕ್ಲೇಮ್ ಆಗಿದ್ದರೆ ಬೋನಸ್ ಹೇಗೂ ಹೋಗಿದೆ, ಆಗ ಗ್ಲಾಸನ್ನೂ ಕ್ಲೇಮ್ ಮಾಡಿ. ಬೋನಸ್ ಪ್ರೊಟೆಕ್ಟ್ ಆಡ್-ಆನ್ ಇದ್ದರೂ ಮಾಡಿ. ಕೆಲವು ಪಾಲಿಸಿಗಳಲ್ಲಿ ಗ್ಲಾಸ್ ಕ್ಲೇಮಿಗೆ ಬೋನಸ್ ಹೋಗದ ಹಾಗೆ ಷರತ್ತು ಇರುತ್ತದೆ. ಫೋನಿನಲ್ಲಿ ಕೇಳಬೇಡಿ, ಮೇಲ್‌ನಲ್ಲಿ ಕೇಳಿ ಬರಹದಲ್ಲಿ ಉತ್ತರ ತಗೊಳ್ಳಿ.

ಅಮ್ಮನ ಕಾರು

ನನ್ನ ಪರಿಸ್ಥಿತಿ ಬೇರೆ. ನಮ್ಮದು ಹೊಸ ಎಸ್‌ಯುವಿ, ಕನ್ನಡಿ ಹಿಂದೆ ಕ್ಯಾಮೆರಾ ಇದೆ. ಲೇನ್ ಬಿಟ್ಟರೆ ಎಚ್ಚರಿಸುತ್ತದೆ, ಎದುರಿಗೆ ಏನಾದರೂ ಬಂದರೆ ತಾನೇ ಬ್ರೇಕ್ ಹಾಕುತ್ತದೆ. ಹೋದ ತಿಂಗಳು ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ಕಲ್ಲು ಬಡಿದು ಗ್ಲಾಸ್ ಹೋಯಿತು. ಸರ್ವಿಸ್ ಸೆಂಟರ್ ಬಿಲ್ 46,500. ಇದಕ್ಕೆ ಕ್ಲೇಮ್ ಮಾಡದೆ ಬೇರೆ ದಾರಿ ಇರಲಿಲ್ಲ, ಮಾಡಿದೆ.

ಹೊರಗಡೆ ಒಬ್ಬರು 19,000ಕ್ಕೆ ಮಾಡಿಕೊಡುತ್ತೇವೆ ಅಂದಿದ್ದರು. ಕ್ಯಾಮೆರಾ ಕ್ಯಾಲಿಬ್ರೇಶನ್, ಅಂದರೆ ಮತ್ತೆ ಸರಿಯಾಗಿ ಹೊಂದಿಸುವುದು, ಮಾಡುತ್ತೀರಾ ಅಂತ ಕೇಳಿದೆ. "ಹಳೇ ಜಾಗದಲ್ಲೇ ಕೂರಿಸ್ತೀವಿ ಮೇಡಂ, ಏನೂ ಬೇಡ" ಅಂದರು. ನಂಬಿಕೆ ಬರಲಿಲ್ಲ. ನಾನು ಸರಿ ಮಾಡಿದೆನಾ?

ಗ್ಲಾಸ್ ಕೆಲಸದವ

ನೂರಕ್ಕೆ ನೂರು ಸರಿ ಮಾಡಿದಿರಿ ಮೇಡಂ. ಕ್ಯಾಮೆರಾ ಗ್ಲಾಸಿನ ಮೂಲಕ ರಸ್ತೆ ನೋಡುತ್ತದೆ. ಹೊಸ ಗ್ಲಾಸ್ ಕೂತಾಗ ಕೂದಲೆಳೆಯಷ್ಟು ಕೋನ ಬದಲಾದರೂ ಐವತ್ತು ಮೀಟರ್ ಮುಂದೆ ಅದು ತಪ್ಪಾದ ಜಾಗ ತೋರಿಸುತ್ತದೆ. ಕೆಲವು ಕಾರಿಗೆ ಎದುರಿಗೆ ಬೋರ್ಡ್ ಇಟ್ಟು ಹೊಂದಿಸುತ್ತಾರೆ, ಕೆಲವಕ್ಕೆ ಗೆರೆ ಇರುವ ರಸ್ತೆಯಲ್ಲಿ ಓಡಿಸಿ ಹೊಂದಿಸುತ್ತಾರೆ, ಕೆಲವಕ್ಕೆ ಎರಡೂ ಬೇಕು. ಅದಕ್ಕೆ ಬೇಕಾದ ಯಂತ್ರ, ಸಾಫ್ಟ್‌ವೇರ್ ನನ್ನ ಅಂಗಡಿಯಲ್ಲಿ ಇಲ್ಲ. ಅಂಥ ಕಾರು ಬಂದರೆ ನಾನೇ ಕಂಪನಿಗೆ ಹೋಗಿ ಅಂತ ಕಳಿಸುತ್ತೇನೆ.

ಗ್ಲಾಸಿನಲ್ಲೂ ಬಗೆಗಳಿವೆ. ಮಳೆ ಸೆನ್ಸರ್ ಇರುವ ಕಾರಿಗೆ ಅದು ಕೂರುವ ಜಾಗ ಸರಿಯಾಗಿರಬೇಕು, ನಡುವಿನ ಜೆಲ್ ಪ್ಯಾಡಿನಲ್ಲಿ ಗಾಳಿ ಗುಳ್ಳೆ ಇರಬಾರದು. ಶಬ್ದ ತಡೆಯುವ ಅಕೌಸ್ಟಿಕ್ ಗ್ಲಾಸಿನಲ್ಲಿ ನಡುವಿನ ಹಾಳೆಯೇ ಬೇರೆ. ಅದರ ಬದಲು ಮಾಮೂಲಿ ಹಾಕಿದರೆ ಕಾರಿನೊಳಗೆ ಗದ್ದಲ ಜಾಸ್ತಿ ಕೇಳಿಸುತ್ತದೆ. ಸ್ಪೀಡನ್ನು ಗ್ಲಾಸಿನ ಮೇಲೇ ತೋರಿಸುವ ಹೆಡ್-ಅಪ್ ಡಿಸ್‌ಪ್ಲೇ ಇದ್ದರೆ ಆ ಹಾಳೆ ಮೇಲೊಂದು ದಪ್ಪ, ಕೆಳಗೊಂದು ದಪ್ಪ ಇರುತ್ತದೆ. ಮಾಮೂಲಿ ಗ್ಲಾಸ್ ಹಾಕಿದರೆ ಅಂಕಿ ಎರಡೆರಡಾಗಿ ಕಾಣುತ್ತದೆ. ಹಾಗಾಗಿ ಅಂಗಡಿಗೆ ಮಾಡೆಲ್ ಹೆಸರು ಹೇಳಿದರೆ ಸಾಲದು. ಚಾಸಿ ನಂಬರ್ ಕೊಡಿ, ಹಳೇ ಗ್ಲಾಸಿನ ಮುದ್ರೆಯ ಫೋಟೋ ಕಳಿಸಿ.

ಟ್ಯಾಂಪಾ ಕನ್ನಡಿಗ

ನಾನು ಫ್ಲಾರಿಡಾದಲ್ಲಿದ್ದೀನಿ. ಇಲ್ಲಿ ಕಾಂಪ್ರಿಹೆನ್ಸಿವ್ ಪಾಲಿಸಿ ಇದ್ದರೆ ಮುಂದಿನ ಗ್ಲಾಸಿಗೆ ಕಡಿತ ಹಿಡಿಯುವ ಹಾಗಿಲ್ಲ ಅಂತ ರಾಜ್ಯದ ಕಾನೂನೇ ಇದೆ. ನಾನು ಕೈಯಿಂದ ಒಂದು ಡಾಲರ್ ಕೊಡದೆ ಬದಲಾಯಿಸಿಕೊಂಡೆ. ಊರಲ್ಲಿ ಅಪ್ಪನ ಕಾರಿಗೆ ಇದೇ ತೊಂದರೆ ಆದಾಗ "ಕ್ಲೇಮ್ ಮಾಡಿಬಿಡಿ ಅಪ್ಪ" ಅಂತ ಸುಲಭವಾಗಿ ಹೇಳಿದ್ದೆ. ಮೇಲಿನ ಲೆಕ್ಕ ಓದಿದ ಮೇಲೆ ಅವರಿಗೆ ನಷ್ಟ ಮಾಡಿಸಿದೆ ಅನ್ನಿಸ್ತಿದೆ. ಅವರದಂತೂ 50% ಬೋನಸ್ ಇತ್ತು.

ಕಡಲೂರ ಮಳೆ

ಗ್ಲಾಸ್ ಯಾವುದು ಅನ್ನುವುದರ ಬಗ್ಗೆಯೇ ಎಲ್ಲರೂ ಮಾತಾಡ್ತಿದ್ದೀರಿ. ನನ್ನ ಅನುಭವ ಕೇಳಿ ಮಾರಾಯ್ರೇ, ಕೂರಿಸುವ ಕೈ ಸರಿ ಇಲ್ಲದಿದ್ದರೆ ಗ್ಲಾಸ್ ಎಷ್ಟು ಒಳ್ಳೆಯದಾದರೂ ಪ್ರಯೋಜನ ಇಲ್ಲ.

ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ಒಂದು ಅಂಗಡಿಯಲ್ಲಿ ಹಾಕಿಸಿದೆ. ಹೆಸರು ಬೇಡ. ಗ್ಲಾಸ್ ಬ್ರ್ಯಾಂಡೆಡ್, ಮುದ್ರೆ ನೋಡಿಯೇ ತಗೊಂಡಿದ್ದು. ಒಂದೂವರೆ ಗಂಟೆಯಲ್ಲಿ ಕಾರು ಕೈಗೆ ಕೊಟ್ಟರು. ಜೂನ್‌ನಲ್ಲಿ ಮಳೆ ಹಿಡಿಯಿತು. ಒಂದು ವಾರಕ್ಕೆ ಕಾರೊಳಗೆ ಮುಗ್ಗಲು ವಾಸನೆ. ಕಾಲಡಿಯ ಕಾರ್ಪೆಟ್ ಒತ್ತಿದರೆ ನೀರು. ಆಮೇಲೆ ವೈಪರ್ ತಾನಾಗಿಯೇ ಓಡುವುದು, ಹಾರ್ನ್ ಕೆಲಸ ಮಾಡದಿರುವುದು. ಗ್ಲಾಸಿನ ಮೂಲೆಯಿಂದ ನೀರು ಇಳಿದು ಡ್ಯಾಶ್‌ಬೋರ್ಡ್ ಕೆಳಗಿನ ಫ್ಯೂಸ್ ಬಾಕ್ಸಿಗೆ ಹೋಗಿತ್ತು.

ಬೇರೆ ಕಡೆ ಗ್ಲಾಸ್ ತೆಗೆಸಿ ನೋಡಿದರೆ, ಹಳೇ ಗ್ಲಾಸ್ ಕೀಳುವಾಗ ಚಾಕು ತಾಗಿ ಫ್ರೇಮಿನ ಬಣ್ಣ ಗೀರಿತ್ತು. ಅದಕ್ಕೆ ಪ್ರೈಮರ್ ಹಚ್ಚದೆ ಮೇಲೆ ಅಂಟು ಎಳೆದಿದ್ದಾರೆ. ಅಷ್ಟರಲ್ಲಿ ಅಲ್ಲಿ ತುಕ್ಕು. ಒಂದು ಮೂಲೆಯಲ್ಲಿ ಮಾಮೂಲಿ ಸಿಲಿಕಾನ್ ತುಂಬಿದ್ದರು. ತುಕ್ಕು ಉಜ್ಜಿ, ಬಣ್ಣ ಹಚ್ಚಿ, ಮತ್ತೆ ಕೂರಿಸಿ, ವೈರಿಂಗ್ ಸರಿ ಮಾಡಿಸುವ ಹೊತ್ತಿಗೆ 14,000 ಹೋಯಿತು. ಗ್ಲಾಸಿಗೆ ಕೊಟ್ಟಿದ್ದು 6,800.

ಗ್ಲಾಸ್ ಕೆಲಸದವ

ನೀವು ಹೇಳಿದ್ದು ಓದಿ ಬೇಜಾರಾಯಿತು. ಇಂಥ ಕೆಲಸ ನನ್ನ ಹತ್ತಿರ ತಿಂಗಳಿಗೆ ಒಂದೆರಡಾದರೂ ಬರುತ್ತದೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಎದುರಿಗೆ ನಿಂತು ನೋಡುವಾಗ ಏನು ನೋಡಬೇಕು ಅಂತ ಎಲ್ಲರಿಗೂ ಗೊತ್ತಿರಲಿ.

ಈಗಿನ ಕಾರಿನ ಗ್ಲಾಸ್ ರಬ್ಬರಿನಲ್ಲಿ ಸಿಕ್ಕಿಸಿದ್ದಲ್ಲ, ಪಾಲಿಯುರೆಥೇನ್ ಅಂಟಿನಿಂದ ಬಾಡಿಗೆ ಅಂಟಿಸಿದ್ದು. ನಾವು ಪಿಯು ಅಂತೀವಿ. ಗಾಡಿ ಪಲ್ಟಿಯಾದರೆ ಛಾವಣಿ ಕುಸಿಯದಂತೆ ಹಿಡಿಯುವುದರಲ್ಲಿ ಈ ಗ್ಲಾಸಿಗೂ ಪಾಲಿದೆ. ಮುಂದಿನ ಎಡ ಸೀಟಿನ ಏರ್‌ಬ್ಯಾಗ್ ಬಹಳ ಕಾರುಗಳಲ್ಲಿ ಮೇಲಕ್ಕೆ ಚಿಮ್ಮಿ, ಗ್ಲಾಸಿಗೆ ಒರಗಿ, ಆಮೇಲೆ ಕೂತವರ ಕಡೆ ತಿರುಗುತ್ತದೆ. ಅಂಟು ಹಿಡಿದಿಲ್ಲ ಅಂದರೆ ಏರ್‌ಬ್ಯಾಗ್ ಗ್ಲಾಸನ್ನೇ ಹೊರಗೆ ತಳ್ಳಿಬಿಡಬಹುದು. ಮಕ್ಕಳ ಬಗ್ಗೆ ಕೇಳಿದಿರಲ್ಲ, ಯೋಚನೆ ಮಾಡಬೇಕಾದ ಜಾಗ ಇದು.

ಕೆಲಸ ಹೀಗಿರಬೇಕು. ವೈಪರ್ ತೋಳು, ಅದರ ಕೆಳಗಿನ ಪ್ಲಾಸ್ಟಿಕ್ ತಟ್ಟೆ ಬಿಚ್ಚಬೇಕು. ಬಿಚ್ಚದೆ ಎಳೆದಾಡಿ ಕೂರಿಸುವವರನ್ನು ಅಲ್ಲೇ ನಿಲ್ಲಿಸಿ. ಹಳೇ ಅಂಟನ್ನು ಪೂರ್ತಿ ಕೆರೆಯಬಾರದು. ಒಂದೆರಡು ಮಿಲಿಮೀಟರ್ ಪದರ ಬಿಟ್ಟು ಕತ್ತರಿಸಿದರೆ ಹೊಸ ಅಂಟು ಅದರ ಮೇಲೆ ಚೆನ್ನಾಗಿ ಹಿಡಿಯುತ್ತದೆ. ಬಣ್ಣ ಗೀರಿದ ಕಡೆ ಪ್ರೈಮರ್ ಹಚ್ಚಿ ಒಣಗಲು ಬಿಡಬೇಕು. ಗ್ಲಾಸಿನ ಸುತ್ತ ಕಪ್ಪು ಪಟ್ಟಿ ಇದೆಯಲ್ಲ, ಅದು ಅಂದಕ್ಕಲ್ಲ, ಬಿಸಿಲಿನ ಯುವಿ ಕಿರಣ ಅಂಟನ್ನು ತಿನ್ನದ ಹಾಗೆ ಕಾಯುವುದಕ್ಕೆ. ಅದನ್ನು ಒರೆಸಿದ ಮೇಲೆ ಬರಿಗೈಯಲ್ಲಿ ಮುಟ್ಟಬಾರದು. ಕೈಯ ಎಣ್ಣೆ ತಾಗಿದ ಕಡೆ ಅಂಟು ಹಿಡಿಯುವುದಿಲ್ಲ.

ಅಂಟಿನ ಟ್ಯೂಬ್ ತೋರಿಸಿ ಅಂತ ಕೇಳಿ. ಎಕ್ಸ್‌ಪೈರಿ ತಾರೀಖು ನೋಡಿ. ಎಷ್ಟು ಹೊತ್ತಿನ ಮೇಲೆ ಓಡಿಸಬಹುದು ಅಂತ ಅದನ್ನು ಮಾಡಿದ ಕಂಪನಿಯೇ ಹೇಳಿರುತ್ತದೆ. ಕೆಲವಕ್ಕೆ ಒಂದು ಗಂಟೆ, ಕೆಲವಕ್ಕೆ ಅದಕ್ಕಿಂತ ಬಹಳ ಜಾಸ್ತಿ. ಕೆಲಸ ಮಾಡುವವನಿಗೆ ಆ ಸಮಯ ಬಾಯಲ್ಲಿರಬೇಕು, ತಡವರಿಸಿದರೆ ಅನುಮಾನ ಪಡಿ. ಮಳೆಗಾಲದಲ್ಲಿ ಹಾಕಿಸಬಾರದಾ ಅಂತ ತುಂಬಾ ಜನ ಕೇಳುತ್ತಾರೆ. ಪಿಯು ಗಟ್ಟಿಯಾಗುವುದೇ ಗಾಳಿಯ ತೇವದಿಂದ. ಹಾಗಾಗಿ ಮಳೆಗಾಲ ಅಡ್ಡಿಯಲ್ಲ, ಆದರೆ ಅಂಟಿಸುವ ಜಾಗ ಒಣಗಿರಬೇಕು, ಮೇಲೆ ಸೂರು ಇರಬೇಕು.

ಕಾರು ಮನೆಗೆ ತಂದ ದಿನ ಒಂದು ಕಿಟಕಿ ಬೆರಳಷ್ಟು ತೆಗೆದಿಡಿ. ಎಲ್ಲ ಮುಚ್ಚಿ ಬಾಗಿಲು ಧಡಾರ್ ಅಂತ ಹಾಕಿದರೆ ಒಳಗಿನ ಗಾಳಿ ಹಸಿ ಅಂಟನ್ನು ಹೊರಗೆ ನೂಕುತ್ತದೆ. ಗ್ಲಾಸ್ ಅಲುಗದಂತೆ ಅಂಟಿಸಿದ ಟೇಪ್ ಒಂದು ದಿನ ಇರಲಿ. ಎರಡು ದಿನ ಪ್ರೆಶರ್ ವಾಶ್ ಬೇಡ.

ಹಳೇ ಓಮ್ನಿ

ಅಣ್ಣ, ನನ್ನ ಓಮ್ನಿಗೆ ರಬ್ಬರ್ ಬೀಡಿಂಗ್ ಗ್ಲಾಸ್. ಒಬ್ಬರು ಟಫನ್ಡ್ ಗ್ಲಾಸ್ ಇದೆ, ಅಗ್ಗಕ್ಕೆ ಆಗುತ್ತೆ ಅಂತಿದ್ದಾರೆ. ಹಾಕಬಹುದಾ?

ಗ್ಲಾಸ್ ಕೆಲಸದವ

ಬೇಡ ತಮ್ಮ, ಖಂಡಿತ ಬೇಡ. ಮುಂದಿನ ಗ್ಲಾಸ್ ಲ್ಯಾಮಿನೇಟೆಡ್ ಆಗಿರಬೇಕು ಅಂತ ಮೋಟಾರು ವಾಹನ ನಿಯಮದಲ್ಲೇ ಇದೆ. ಟಫನ್ಡ್‌ಗೆ ಕಲ್ಲು ಬಡಿದರೆ ಒಂದೇ ಕ್ಷಣಕ್ಕೆ ಇಡೀ ಗ್ಲಾಸ್ ಬೆಳ್ಳಗಾಗುತ್ತದೆ. 80ರ ಸ್ಪೀಡಲ್ಲಿ ರಸ್ತೆಯೇ ಕಾಣದಿದ್ದರೆ ಏನು ಮಾಡ್ತೀರಿ? ಓಮ್ನಿಗೆ ಲ್ಯಾಮಿನೇಟೆಡ್ ಈಗಲೂ ಸಿಗುತ್ತದೆ. ಜೊತೆಗೆ ರಬ್ಬರನ್ನೂ ಹೊಸದು ಹಾಕಿಸಿ, ಹಳೇದು ಗಡುಸಾಗಿ ನೀರು ಬಿಡುತ್ತದೆ.

ತುಮಕೂರು ರಸ್ತೆ (ಶುಕ್ರವಾರ, ರಾತ್ರಿ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಹಾಕಿಸಿದೆ. ಏನೇನಾಯಿತು ಅಂತ ಬರೆಯುತ್ತೇನೆ, ಮುಂದೆ ಯಾರಿಗಾದರೂ ಬೇಕಾಗಬಹುದು.

ಪಾಲಿಸಿ ತೆಗೆದು ನೋಡಿದೆ, ಓಡಿ 5,900 ಇದೆ. ಅದರ ಒಂದೂಕಾಲು ಪಟ್ಟು 7,375. ಕ್ಲೇಮ್ ಬೇಡ ಅಂತ ಅಲ್ಲೇ ನಿರ್ಧಾರ ಆಯಿತು.

7,200ರ ಅಂಗಡಿಗೇ ಹೋದೆ. ಮೊದಲು ಗ್ಲಾಸ್ ತೋರಿಸಿ ಅಂದೆ. ನನ್ನ ಹಳೇ ಗ್ಲಾಸಿನ ತಯಾರಕರದ್ದೇ ಮುದ್ರೆ, ಐಎಸ್ಐ ಗುರುತು ಇತ್ತು. ಇಬ್ಬರು ಎತ್ತಿ ಹಿಡಿದಾಗ ಅದರ ಮೂಲಕ ಎದುರಿನ ಲೈಟ್ ಕಂಬ ನೋಡಿದೆ, ತಲೆ ಆ ಕಡೆ ಈ ಕಡೆ ಆಡಿಸಿದೆ. ಕಂಬ ಅಲುಗಿದ ಹಾಗೆ, ಬಾಗಿದ ಹಾಗೆ ಕಾಣಲಿಲ್ಲ. ಇದನ್ನು ಹೇಳಿಕೊಟ್ಟಿದ್ದು ಅಂಗಡಿಯ ಹಿರಿಯ ಕೆಲಸಗಾರರೇ. ಅಲೆ ಇರುವ ಗ್ಲಾಸಾದರೆ ರಾತ್ರಿ ಎದುರಿನ ಹೆಡ್‌ಲೈಟ್ ಒಡೆದ ಹಾಗೆ ಕಾಣುತ್ತದಂತೆ.

ಟ್ಯೂಬಿನ ತಾರೀಖು ಕೇಳಿದಾಗ ಅವರು ಬೇಜಾರು ಮಾಡಿಕೊಳ್ಳಲಿಲ್ಲ, ನಗುತ್ತಲೇ ತೋರಿಸಿದರು. ಮೂರು ಗಂಟೆ ಓಡಿಸಬೇಡಿ ಅಂದರು, ಅಲ್ಲೇ ಕೂತೆ. ಕೊನೆಗೆ ಪೈಪಿನಿಂದ ಸಣ್ಣಗೆ ನೀರು ಬಿಟ್ಟು ಒಳಗಿನಿಂದ ಮೂಲೆ ಮೂಲೆ ನೋಡಿದೆವು. ಹೊಸ ವೈಪರ್ ಬ್ಲೇಡ್ ಸೇರಿ 7,850 ಆಯಿತು. ಹಳೇ ಬ್ಲೇಡಿನಲ್ಲಿ ಮರಳು ಕೂತಿರುತ್ತೆ, ಹೊಸ ಗ್ಲಾಸ್ ಗೀರುತ್ತೆ ಅಂದಿದ್ದಕ್ಕೆ ಅದನ್ನೂ ಬದಲಾಯಿಸಿದೆ.

ಒಂದು ವಿಷಯ ಯಾರೂ ಹೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ: ಫಾಸ್ಟ್ಯಾಗ್! ಹಳೇ ಗ್ಲಾಸಿನ ಜೊತೆಗೇ ಹೋಯಿತು. ಕಿತ್ತು ಅಂಟಿಸೋಣ ಅಂದರೆ ಅದು ಕಿತ್ತ ತಕ್ಷಣ ಕೆಡುವ ಹಾಗೆಯೇ ಮಾಡಿದ್ದಾರೆ. ಬ್ಯಾಂಕಿಗೆ ಬದಲಿ ಟ್ಯಾಗ್ ಕೇಳಿದ್ದೇನೆ.

ವಿಮೆ ಲೆಕ್ಕ

ಒಳ್ಳೇದಾಯಿತು. ಹೊಸ ಟ್ಯಾಗ್ ಬಂದ ತಕ್ಷಣ ಗ್ಲಾಸಿಗೆ ಅಂಟಿಸಿ, ಡ್ಯಾಶ್‌ಬೋರ್ಡ್ ಮೇಲೆ ಇಟ್ಟುಕೊಂಡು ತೋರಿಸಬೇಡಿ. ಅಂಟಿಸದ ಟ್ಯಾಗನ್ನು ಬ್ಲ್ಯಾಕ್‌ಲಿಸ್ಟ್ ಮಾಡುತ್ತೇವೆ ಅಂತ ಹೆದ್ದಾರಿ ಪ್ರಾಧಿಕಾರ 2025ರಲ್ಲೇ ಹೇಳಿದೆ. ಇನ್ನೊಂದು, ನಿಮ್ಮದು 2019ರ ಏಪ್ರಿಲ್ ನಂತರದ ಕಾರು. ಹಾಗಾಗಿ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್ ಪ್ಲೇಟ್) ಜೊತೆ ಬಂದ ತಿಳಿ ನೀಲಿ ಸ್ಟಿಕ್ಕರ್ ಕೂಡ ಗ್ಲಾಸಿನ ಒಳಗಡೆ ಇರಬೇಕಿತ್ತು. ಅದೂ ಹೋಗಿದೆ, ಅದಕ್ಕೂ ಅರ್ಜಿ ಹಾಕಿ.

ತುಮಕೂರು ರಸ್ತೆ

ಅಯ್ಯೋ, ಹೌದು. ಅದು ಮರೆತೇ ಹೋಗಿತ್ತು. ನಾಳೆಯೇ ನೋಡ್ತೀನಿ.

ಅಮ್ಮನ ಕಾರು

ಅಂಗಡಿ ಯಾವುದು ಅಂತ ದಯವಿಟ್ಟು ಮೆಸೇಜ್ ಮಾಡಿ. ನಮ್ಮ ಅಣ್ಣನ ಕಾರಿನಲ್ಲಿ ಅಂಥದ್ದೇ ಒಂದು ಗುಳಿ ಇದೆ, ನಿನ್ನೆಯಷ್ಟೇ ಆಗಿದ್ದು. ಈಗ ಹೋಗಿ ಟೇಪ್ ಅಂಟಿಸಿ ಬಂದೆ.